ಗಣಪ್ಪಗ ಏರಿಸೋ ಕರಿಕಿ ಎಲ್ಲಾ ಒಂದೇನಾ? ಹೆಚ್ಚಿನ ಸಿಓಟುಗೆ ಬ್ಯಾರೆ ಬ್ಯಾರೆ ಜೀನೋಟೈಪ್ ಹೆಂಗ ಬೆಳೀತಾವ ಅಂತ ನಮ್ಮೂರಾಗ ಪರೀಕ್ಷೆ ಮಾಡೋ ಸಮಗ್ರ ಮಾರ್ಗದರ್ಶಿ

ಕಲಘಟಗಿ ಕಡಿಂದ ಮುಂಡರಗಿ ಕಡೀಗೆ ಬಸ್ಸಿನ್ಯಾಗ ಹೊಂಟ್ರ ಅರ್ಧ ದಿನದೊಳಗ ಮಲೆನಾಡಿನ ಸೆರಗಿನಿಂದ ಒಣ ಎರಿ ಹೊಲಕ್ಕ ಬಂದಬಿಡ್ತೀವಿ, ಮಳಿ ಪೂರ್ವಕ್ಕ ಹೋದಂಗ ಹೋದಂಗ ಕಮ್ಮಿ ಆಗ್ತೈತಿ, ಮಣ್ಣು ಬದಲಾಗ್ತೈತಿ, ಆದ್ರ ಒಡ್ಡಿನ ಮ್ಯಾಲಿನ ಕರಿಕಿ ಮಾತ್ರ ಎಲ್ಲಾ ಕಡೆ ಐತಿ. ಹೆಸರು ಒಂದ, ಸಸ್ಯ ಒಂದಲ್ಲ. ಕಲಘಟಗಿ ಕರಿಕಿ ಮತ್ತ ಮುಂಡರಗಿ ಕರಿಕಿ ಎರಡನ್ನೂ ತಂದು ಒಂದ ಮಣ್ಣಿನ್ಯಾಗ, ಒಂದ ಬಕೆಟ್ಟಿನ್ಯಾಗ ಬಾಜೂಕ ಬಾಜೂಕ ಹಚ್ಚಿ ನೋಡ್ರಿ, ಎಲಿ ಅಗಲ, ಬಳ್ಳಿ ಹರಿಯೋ ವೇಗ, ಬಣ್ಣ ಎಲ್ಲಾದ್ರಾಗೂ ಫರಕ್ ಕಂಡ್ರ ಆ ಫರಕ್ ಮಣ್ಣಿಂದಲ್ಲ, ಗಿಡದ ಹುಟ್ಟಿಂದ. ಗಿಡ ಹುಟ್ಟಿಂದ ತಂದ ಆ ವಂಶಗುಣದ ಜೋಡಣೀನ ಜೀನೋಟೈಪ್ ಅಂತೀವಿ.

ಈಗ ಇದಕ ಗಾಳಿ ಸೇರಿಸ್ರಿ. ಕಾರ್ಖಾನಿ ಯುಗಕ್ಕಿಂತ ಮೊದಲು ಗಾಳ್ಯಾಗ ಕಾರ್ಬನ್ ಡೈಆಕ್ಸೈಡ್, ಅಂದ್ರ ಸಿಓಟು, ಸುಮಾರು 280 ಪಿಪಿಎಂ ಇತ್ತು (ಹತ್ತು ಲಕ್ಷ ಭಾಗ ಗಾಳ್ಯಾಗ 280 ಭಾಗ), 1958ರಾಗ ಹವಾಯಿಯ ಮೌನಾ ಲೋವಾದಾಗ ಚಾರ್ಲ್ಸ್ ಕೀಲಿಂಗ್ ಅಳೀಲಿಕ್ಕೆ ಶುರು ಮಾಡಿದಾಗ 315ರ ಆಸುಪಾಸು, 2024ರಾಗ ಅಲ್ಲೇ ವರ್ಷದ ಸರಾಸರಿ 424ರ ಹತ್ರ. ಇನ್ನೂ ಏರಿದ್ರ ಯಾವ ಕರಿಕಿ ಗೆಲ್ತೈತಿ, ಯಾವುದು ಹಿಂದ ಬೀಳ್ತೈತಿ? ದನಾ ಮೇಯೋ ಗಾಯರಾಣದಾಗ ಮುಂದ ಏನ್ ಉಳೀತೈತಿ ಅನ್ನೋದು ಇದರ ಮ್ಯಾಲೂ ನಿಂತೈತಿ. ಕಾಲೇಜಿನ ಹಿತ್ತಲದಾಗ ಎಮ್ಮೆಸ್ಸಿ ಹುಡುಗರು, ಲೆಕ್ಚರರು ಸೇರಿ ಮಾಡೋವಂಥ ಪ್ರಯೋಗ ಇದು. ನಾ ಮಾಡಿ, ತಪ್ಪಿ, ಮತ್ತ ಮಾಡಿದ ಮ್ಯಾಲ ಬರೀಲಿಕತ್ತೀನಿ.

ಹೆಜ್ಜೆ 1: ಮೊದಲು ಪ್ರಶ್ನೆ ಗಟ್ಟಿ ಮಾಡ್ಕೊಳ್ರಿ

"ಸಿಓಟು ಹೆಚ್ಚಾದ್ರ ಹುಲ್ಲು ಹೆಚ್ಚು ಬೆಳೀತೈತೋ ಇಲ್ಲೋ" ಅನ್ನೋದು ಒಂದು ಪ್ರಶ್ನೆ. "ಎಲ್ಲಾ ಜೀನೋಟೈಪೂ ಒಂದ ಪ್ರಮಾಣದಾಗ ಹೆಚ್ಚು ಬೆಳೀತಾವೋ, ಇಲ್ಲಾ ಒಂದು ಜಾಸ್ತಿ ಒಂದು ಕಮ್ಮಿ ಲಾಭ ತೊಗೋತಾವೋ" ಅನ್ನೋದು ಪೂರಾ ಬ್ಯಾರೆ ಪ್ರಶ್ನೆ, ನಮಗ ಬೇಕಾಗಿದ್ದು ಇದು. ಎಲ್ಲಾವೂ ಒಂದ ಪ್ರಮಾಣದಾಗ ಬೆಳದ್ರ ಅವುಗಳ ನಡುವಿನ ಪೈಪೋಟಿ ಬದಲಾಗಂಗಿಲ್ಲ. ಒಂದೊಂದೂ ಒಂದೊಂದು ರೀತಿ ಬೆಳದ್ರ ಮಾತ್ರ ನಿಸರ್ಗಕ್ಕ ಆರಿಸಲಿಕ್ಕೆ ಏನರ ಸಿಕ್ಕಂಗ.

ಮತ್ತ ಒಂದು ಮಾತು ಮೊದಲ ಹೇಳಿಬಿಡ್ತೀನಿ, ಆಮ್ಯಾಲ ಬ್ಯಾಸರ ಆಗಬಾರದು. ಸ್ವಿಟ್ಜರ್ಲೆಂಡಿನಾಗ 12 ಜಾತಿ ಹುಲ್ಲುಗಾವಲು ಸಸ್ಯ, ಪ್ರತಿಯೊಂದ್ರಾಗ 9ರಿಂದ 14 ಜೀನೋಟೈಪ್ ಹಚ್ಚಿ, ಬಯಲಾಗ ಸಿಓಟು ಬಿಟ್ಟು, 3 ವರ್ಷ ವರ್ಷಕ್ಕ ಮೂರು ಸಲ ಕೊಯ್ದು ತೂಗಿದ್ರು, ಫಲಿತಾಂಶ ಬಂದಿದ್ದು 1998ರಾಗ. ದ್ವಿದಳ ಜಾತಿ, ಅಂದ್ರ ಕ್ಲೋವರ್ ಎಲ್ಲಾಕ್ಕಿಂತ ಹೆಚ್ಚು ಲಾಭ ತೊಗೊಂಡ್ವು, ಹುಲ್ಲು ಎಲ್ಲಾಕ್ಕಿಂತ ಕಮ್ಮಿ. ಆದ್ರ ಒಂದ ಜಾತಿಯೊಳಗಿನ ಜೀನೋಟೈಪ್‌ಗಳ ನಡುವ ಗಣನೀಯ ಫರಕ್ ಸಿಗಲಿಲ್ಲ. ಅಷ್ಟು ದೊಡ್ಡ ಪ್ರಯೋಗದಾಗ! ಹಂಗಾಗಿ ನಿಮಗ "ಫರಕ್ ಇಲ್ಲ" ಅಂತ ಬಂದ್ರ ಅದೂ ಉತ್ತರನ, ಆದ್ರ ಫರಕ್ ಇದ್ದೂ ನಿಮ್ಮ ಗಡಿಬಿಡಿಲೆ ಕಾಣದಂಗ ಆಗಬಾರದು. ಕೆಳಗ ಬರೋ ಎಲ್ಲಾ ಹೆಜ್ಜೆ ಇರೋದು ಅದಕ್ಕ.

ಹೆಜ್ಜೆ 2: ಗಿಡ ಆರಿಸೋದು

ನಮ್ಮ ಕಡಿ ಬಯಲಿನ ಹುಲ್ಲು ಹೆಚ್ಚುಕಮ್ಮಿ ಎಲ್ಲಾ ಸಿ4 ಜಾತಿ: ಕರಿಕಿ, ಅಂಜನ ಹುಲ್ಲು, ಬಟ್ಟೀಗೆ ಚುಚ್ಕೊಳ್ಳೋ ಸೂಜಿ ಹುಲ್ಲು. ಸಿ4 ಅಂದ್ರ ಎಲಿ ಒಳಗ ಸಿಓಟು ಮೊದಲ ಒತ್ತಿ ತುಂಬೋ ಪಂಪ್ ಇರ್ತೈತಿ, ರುಬಿಸ್ಕೋ ಅನ್ನೋ ಕಿಣ್ವದ ಸುತ್ತ ಆಗಲೇ ಭರ್ತಿ ಇರ್ತೈತಿ, ಹೊರಗ ಹೆಚ್ಚು ಮಾಡಿದ್ರ ಎಲಿಯ ಅಡಗಿ ಕೆಲಸ, ಅಂದ್ರ ದ್ಯುತಿಸಂಶ್ಲೇಷಣೆ, ಏನೂ ಭಾಳ ಜೋರಾಗಂಗಿಲ್ಲ. ಆದ್ರ ಎಲಿಯ ಸಣ್ಣ ಬಾಯಿ ಇರ್ತಾವಲ್ಲ, ಪತ್ರರಂಧ್ರ, ಅವು ಸ್ವಲ್ಪ ಮುಚ್ಕೋತಾವ, ನೀರು ಉಳೀತೈತಿ. ಈ ಪಂಪ್ ಇಲ್ಲದ ಸಿ3 ಗಿಡಕ್ಕ, ಅಂದ್ರ ಸ್ಟೈಲೋದಂಥ ಮೇವಿನ ದ್ವಿದಳಕ್ಕ, ನೀರೂ ಉಳೀತೈತಿ, ಅಡಗಿನೂ ಜೋರಾಗ್ತೈತಿ. ನಮ್ಮ ಕಾಂಗ್ರೆಸ್ ಕಸ ಐತಲ್ಲ, ಪಾರ್ಥೇನಿಯಂ, ಅದು ಸಿ3ಗೂ ಸಿ4ಗೂ ನಡುವಿನ ಜಾತಿ, ಅದನ್ನ ಬೆಳಸ್ಲಿಕ್ಕೆ ಮಾತ್ರ ಹೋಗಬ್ಯಾಡ್ರಿ, ಬೀಜ ಹಾರಿ ಹಿತ್ತಲೆಲ್ಲಾ ಆಗ್ತೈತಿ, ಮೈ ಕೆರೆತ ಬ್ಯಾರೆ.

"ಹಂಗಾರ ಸಿ4 ಮ್ಯಾಲ ಪ್ರಯೋಗ ಯಾಕ?" ಅಂತ ಕೇಳ್ತಾರ. ಅಮೆರಿಕಾದ ಮಿನೆಸೋಟಾದಾಗ ಸೀಡರ್ ಕ್ರೀಕ್ ಅನ್ನೋ ಜಾಗದಾಗ ಬಯೋಕಾನ್ ಅಂತ ಪ್ರಯೋಗ ನಡದೈತಿ, ಅದರ 20 ವರ್ಷದ ಲೆಕ್ಕ 2018ರಾಗ ಬಂತು. ಮೊದಲ 12 ವರ್ಷ ಪುಸ್ತಕದಾಗ ಇದ್ದಂಗ ಸಿ3 ಹುಲ್ಲು ಲಾಭ ತೊಗೊಂಡ್ವು, ಆಮ್ಯಾಲಿನ 8 ವರ್ಷ ಉಲ್ಟಾ, ಸಿ4 ಹುಲ್ಲು ಮುಂದ ಬಂದ್ವು, ಅದ್ರ ಜೋಡಿ ಮಣ್ಣಿನ್ಯಾಗ ಸಾರಜನಕ ಸಿಗೋದೂ ಬದಲಾಗಿತ್ತು. ಪುಸ್ತಕದ ನಿಯಮ ನಂಬಿ ಸಿ4ನ ಕೈಬಿಡಬಾರದು ಅಂತ ನನಗ ಅನಿಸಿದ್ದು ಇದನ್ನ ಓದಿದ ಮ್ಯಾಲ.

ನನ್ನ ಸಲಹೆ: ಮೊದಲ ವರ್ಷ ಕರಿಕಿ ಒಂದ ಸಾಕು. ಬಳ್ಳಿ ಕಡಿದು ಹಚ್ಚಿದ್ರ ಅದ ಜೀನೋಟೈಪ್ ಎಷ್ಟು ಬೇಕೋ ಅಷ್ಟು ಸಿಗ್ತೈತಿ. ಬೀಜದಿಂದ ಬೆಳಸಿದ್ರ ಒಂದೊಂದು ಸಸಿನೂ ಒಂದೊಂದು ಜೀನೋಟೈಪ್ ಆಗ್ತೈತಿ, ಆಗ ಒಂದ ಜೀನೋಟೈಪನ್ನ ಎರಡೂ ಗಾಳ್ಯಾಗ ಇಟ್ಟು ನೋಡೋ ದಾರೀನ ಇರಂಗಿಲ್ಲ.

ಹೆಜ್ಜೆ 3: ತರೋದು, ಮತ್ತ ಹಳೇ ಊರಿನ ನೆನಪು ಅಳಿಸೋದು

ಮಿರಗದ ಮಳಿ ಬಿದ್ದ ಮ್ಯಾಲ ಹೊಂಡ್ರಿ. ಕಲಘಟಗಿ, ಧಾರವಾಡ, ಹುಬ್ಬಳ್ಳಿ, ಅಣ್ಣಿಗೇರಿ, ಗದಗ, ಮುಂಡರಗಿ, ಬೇಕಾದ್ರ ದಕ್ಷಿಣಕ್ಕ ಹಾವೇರಿ, ರಾಣೆಬೆನ್ನೂರು, ಹಿಂಗ 8 ಜಾಗ. ಒಂದ ಒಡ್ಡಿನ ಮ್ಯಾಲ ಹತ್ತು ಮಾರು ದೂರ ಇರೋ ಎರಡು ಕರಿಕಿ ಒಂದ ಬಳ್ಳಿದ್ದು ಇರಬಹುದು, ಅದಕ್ಕ ಒಂದು ಊರಿಂದ ಒಂದ ತೊಗೊಳ್ರಿ. ಹೊಲದ ಒಡ್ಡು ಇದ್ರ ರೈತರನ್ನ ಕೇಳ್ರಿ, "ಯಜಮಾನ್ರ, ಒಂದು ಹಿಡಿ ಕರಿಕಿ ತೊಗೋತೀನ್ರಿ" ಅಂದ್ರ "ಎಲ್ಲಾ ಕಿತ್ಕೊಂಡು ಹೋಗೋ ತಮ್ಮಾ, ಕಸ ಹೋಗ್ಲಿ" ಅಂತಾರ. ಕಪ್ಪತಗುಡ್ಡ ಮತ್ತ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದ ಒಳಗ ಅರಣ್ಯ ಇಲಾಖೆ ಪರವಾನಗಿ ಇಲ್ಲದ ಒಂದ ಎಲಿನೂ ಕೀಳಬ್ಯಾಡ್ರಿ, ಹೊರಗ ರಸ್ತೆ ಬದೀಗೆ ಬೇಕಾದಷ್ಟು ಐತಿ.

ತಂದ ದಿನಾನ ನಂಬರ್ ಕೊಡ್ರಿ, ಊರು, ಮಣ್ಣು, ತಾರೀಖು ಬರೀರಿ. ಚೀಟಿ ಅಲ್ಯೂಮಿನಿಯಂ ಪಟ್ಟಿ ಮ್ಯಾಲ ಮೊಳಿಲೆ ಕೊರೀರಿ, ಮಾರ್ಕರ್ ಪೆನ್ನಿನ ಬರಹ ಎರಡು ತಿಂಗಳ ಬಿಸಿಲು ಮಳಿಗೆ ಉಳಿಯಂಗಿಲ್ಲ. ನನ್ನ ಮೊದಲ ವರ್ಷದ ಎರಡು ಜೀನೋಟೈಪ್ ಹಿಂಗ ಕಲಸಿ ಹೋದ್ವು, ಯಾವುದು ಅಣ್ಣಿಗೇರಿದು ಯಾವುದು ಗದಗದ್ದು ಗೊತ್ತಾಗದ ಎರಡನ್ನೂ ತಗದು ಹಾಕಬೇಕಾತು.

ಮುಂದಿಂದು ಭಾಳ ಮಂದಿ ಬಿಡ್ತಾರ. ಮುಂಡರಗಿ ಬಳ್ಳಿ ಬರಗಾಲದಾಗ ಬೆಳದಿರ್ತೈತಿ, ಗೆಣ್ಣಿನ್ಯಾಗ ಅದು ಕೂಡಿಟ್ಟ ಅನ್ನ, ಬ್ಯಾನಿ, ಎಲ್ಲಾ ಹೊತ್ಕೊಂಡ ಬರ್ತೈತಿ. ತಂದ ಕೂಡ್ಲೆ ಪ್ರಯೋಗಕ್ಕ ಹಾಕಿದ್ರ ನೀವು ಅಳಿಯೋದು ಜೀನೋಟೈಪ್ ಅಲ್ಲ, ಅದರ ಹಿಂದಿನ ವರ್ಷದ ಬದುಕು. ಅದಕ್ಕ ಎಲ್ಲಾ ಎಂಟನ್ನೂ ಒಂದ ಮಣ್ಣು, ಒಂದ ಬಿಸಿಲಿನ್ಯಾಗ ಐದು ವಾರ ಬೆಳಸ್ರಿ, ಹೊಸಾ ಬಳ್ಳಿಯಿಂದ ತುಣುಕು ಕಡೀರಿ, ಮತ್ತ ಐದು ವಾರ ಬೆಳಸ್ರಿ, ಮತ್ತ ಕಡೀರಿ. ಎರಡನೇ ಸಲ ಕಡಿದ ತುಣುಕು ಪ್ರಯೋಗಕ್ಕ ಹೋಗಬೇಕು. ಒಂದೊಂದು ತುಣುಕಿಗೂ ಎರಡು ಗೆಣ್ಣು, ಹಚ್ಚೂ ಮುಂಚೆ ತೂಕ ಮಾಡಿ ಬರೀರಿ, ದಪ್ಪ ತುಣುಕು ಶುರುವಿನಿಂದನ ಮುಂದಿರ್ತೈತಿ. ಪ್ರಯೋಗಕ್ಕ ಬೇಕಾಗೋದು ಒಂದು ಜೀನೋಟೈಪಿಗೆ 15 ಸಸಿ, ಆದ್ರ 25 ಬೇರು ಬಿಡಸ್ರಿ.

ಜೂನಿಗೆ ತಂದ್ರ ಆಗಸ್ಟ್ ಕೊನೀಗೆ ಇದು ಮುಗೀತೈತಿ. ಗಣಪತಿ ಹಬ್ಬದ ಹೊತ್ತಿಗೆ ಪ್ರಯೋಗ ಶುರು, ದೀಪಾವಳಿ ಮುಗದ ಮ್ಯಾಲ ಕೊನೀ ಕೊಯ್ಲು. ಜುಲೈದಾಗ ಧಾರವಾಡದ ಗಾಳಿ ಮಳಿ ಚೇಂಬರಿನ (ಬಕೆಟ್ ಇಟ್ಟು ಗ್ಯಾಸ್ ಬಿಡೋ ಗೂಡು, ಹೆಜ್ಜೆ 5ರಾಗ ಹೇಳ್ತೀನಿ) ಪಾಲಿಥೀನ್ ಹರಿದು ಹಾಕ್ತೈತಿ, ಡಿಸೆಂಬರ್ ಚಳಿಗೆ ಕರಿಕಿ ಮುದುಡ್ತೈತಿ, ಏಪ್ರಿಲ್‌ದಾಗ ಚೇಂಬರ್ ಒಳಗ ಒಲಿ ಆಗ್ತೈತಿ. ಈ 75 ದಿನಾನ ಚೊಲೋ.

ಹೆಜ್ಜೆ 4: ಬಕೆಟ್ ಮತ್ತ ಮಣ್ಣು

ಸಣ್ಣ ಕುಂಡ ಬ್ಯಾಡ್ರಿ. ಬೇರಿಗೆ ಜಾಗ ಇಲ್ಲಂದ್ರ ಗಿಡ ಹೆಚ್ಚಿನ ಸಿಓಟುನ ಉಪಯೋಗಿಸೋದನ್ನ ನಿಲ್ಲಸ್ತೈತಿ, ನೀವು "ಸ್ಪಂದನೆ ಇಲ್ಲ" ಅಂತ ಬರೀತೀರಿ, ನಿಜಕ್ಕೂ ಬಕೆಟ್ ಸಾಲಲಿಲ್ಲ ಅಷ್ಟ. 10 ಲೀಟರಿನ ಖಾಲಿ ಪೇಂಟ್ ಬಕೆಟ್ ತೊಳದು, ತಳಕ್ಕ ತೂತು ಹಾಕಿ ತೊಗೊಳ್ರಿ.

ಬರೇ ಎರಿ ಮಣ್ಣು ಹಾಕಬ್ಯಾಡ್ರಿ, ಒಣಗಿದ್ರ ಸೀಳು ಬಿಟ್ಟು ಬಕೆಟ್ ಗೋಡಿಯಿಂದ ದೂರ ಸರೀತೈತಿ, ಹಾಕಿದ ನೀರೆಲ್ಲಾ ಬದೀಲಿಂದ ತಳಕ್ಕ ಇಳದು ಹೋಗ್ತೈತಿ, ಕೊನೀಗೆ ಬೇರು ತೊಳಿಯೋದಂತೂ ಕೇಳಬ್ಯಾಡ್ರಿ. ಮಸಾರಿ ಮಣ್ಣಿಗೆ ಮರಳು ಕೂಡ್ಸಿ ಒಂದ ಗುಡ್ಡಿ ಮಾಡಿ, ಅದ ಗುಡ್ಡಿಯಿಂದ ಎಲ್ಲಾ ಬಕೆಟ್ ತುಂಬ್ರಿ, ತೂಗಿ ತುಂಬ್ರಿ.

ಪ್ರತಿ ಚೇಂಬರ್‌ದಾಗ ಒಂದೊಂದು ಜೀನೋಟೈಪಿನ ಎರಡೆರಡು ಬಕೆಟ್ ಇಡೋದು, ಒಂದಕ್ಕ ಯೂರಿಯಾ, ಒಂದಕ್ಕ ಇಲ್ಲ. ಸಾರಜನಕ ಕಮ್ಮಿ ಇದ್ದಲ್ಲಿ ಸಿಓಟು ಲಾಭ ಬೇಗ ಕುಂದ್ತೈತಿ ಅನ್ನೋದು ಬಯೋಕಾನ್‌ದಾಗೂ ಕಂಡೈತಿ. ಅಲ್ಲಿ ಹಾಕಿದ್ದು ವರ್ಷಕ್ಕ ಚದರ ಮೀಟರಿಗೆ 4 ಗ್ರಾಂ ಸಾರಜನಕ. ನಿಮ್ಮ ಬಕೆಟ್ ಬಾಯಿ ಸುಮಾರು 0.05 ಚದರ ಮೀಟರ್, ಅಂದ್ರ 0.2 ಗ್ರಾಂ ಸಾರಜನಕ, ಯೂರಿಯಾದಾಗ 46 ಪರ್ಸೆಂಟ್ ಇರೋದ್ರಿಂದ ಬಕೆಟ್ಟಿಗೆ 0.43 ಗ್ರಾಂ ಯೂರಿಯಾ. ಚಿಟಿಕಿ ಲೆಕ್ಕ ನಡಿಯಂಗಿಲ್ಲ, ನೀರಾಗ ಕರಗ್ಸಿ ಅಳದು ಹಾಕ್ರಿ.

ಹೆಜ್ಜೆ 5: ಚೇಂಬರ್ ಕಟ್ಟೋದು (ಇಲ್ಲೇ ಪ್ರಯೋಗ ಉಳಿಯೋದು, ಇಲ್ಲೇ ಸಾಯೋದು)

ದೊಡ್ಡವರು ಬಯಲಾಗ ಪೈಪಿನ ಉಂಗುರ ಮಾಡಿ ಸಿಓಟು ಬಿಡ್ತಾರ, ನಮಗ ಆ ಖರ್ಚು ಆಗಂಗಿಲ್ಲ. ಮ್ಯಾಲ ತೆರದಿರೋ ಚೇಂಬರ್ ಸಾಕು: 1.5 ಮೀಟರ್ ಅಗಲದ ದುಂಡು, 1 ಮೀಟರ್ ಎತ್ತರ, ಕಬ್ಬಿಣದ ಪೈಪಿನ ಚೌಕಟ್ಟು, ಸುತ್ತ ಪಾಲಿಹೌಸಿಗೆ ಹಾಕೋ 200 ಮೈಕ್ರಾನ್ ಹಾಳಿ, ಮ್ಯಾಲಿನ ಅಂಚು ಒಳಗ ಸ್ವಲ್ಪ ಬಾಗಿರ್ಬೇಕು, ಹೊರಗಿನ ಗಾಳಿ ನುಗ್ಗೋದು ಕಮ್ಮಿ ಆಗ್ತೈತಿ. ಕೆಳಗ ತೂತಿನ ಪೈಪ್ ಸುತ್ತಿ ಫ್ಯಾನಿಂದ ಗಾಳಿ ಊದ್ರಿ, ನಿಮಿಷಕ್ಕ ಒಂದು ಸಲ ಒಳಗಿನ ಗಾಳಿ ಪೂರ್ತಿ ಬದಲಾಗೋವಂಗ.

ಇಂಥವು 6 ಬೇಕು. ಎರಡು ಚೇಂಬರ್ ಮಾಡಿ ಒಂದ್ರಾಗ ಗ್ಯಾಸ್ ಬಿಟ್ಟು ಒಂದ್ರಾಗ ಬಿಡದ, ಒಳಗ ನೂರು ಬಕೆಟ್ ಇಟ್ಟು "ನಂದು ನೂರು ಸ್ಯಾಂಪಲ್" ಅನ್ನೋದು ಭಾಳ ಕಡೆ ನೋಡೀನಿ. ಅದು ನೂರಲ್ಲ, ಒಂದಕ್ಕ ಒಂದು. ಒಂದು ಚೇಂಬರಿನ ಮ್ಯಾಲ ಬೇವಿನ ಗಿಡದ ನೆರಳು ಬಿದ್ರ ಆ ನೆರಳಿನ ಪರಿಣಾಮವನ್ನ ಸಿಓಟು ಪರಿಣಾಮ ಅಂತ ಬರ್ಕೊಂಡು ಕೂಡ್ತೀರಿ. ಗ್ಯಾಸ್ ಕೊಡೋದು ಚೇಂಬರಿಗೆ, ಬಕೆಟ್ಟಿಗಲ್ಲ, ಹಂಗಾಗಿ ಲೆಕ್ಕಕ್ಕ ಬರೋದು ಚೇಂಬರ್. 3 ಸಾದಾ, 3 ಹೆಚ್ಚಿಂದು, ಇದು ಕನಿಷ್ಠ. ಯಾವುದಕ್ಕ ಗ್ಯಾಸ್ ಅನ್ನೋದನ್ನ ಚೀಟಿ ಎತ್ತಿ ಆರಸ್ರಿ.

ಸಾದಾ ಚೇಂಬರಿಗೂ ಅದ ಹಾಳಿ, ಅದ ಫ್ಯಾನ್ ಇರಬೇಕು, ಯಾಕಂದ್ರ ಹಾಳಿ ಒಳಗ ಬಿಸಿ ಏರ್ತೈತಿ. ಹೊರಗ ಬಯಲಾಗ ಮೂರು ಕಡೆ ಚೇಂಬರ್ ಇಲ್ಲದ ಒಂದೊಂದು ಸೆಟ್ (ಜೀನೋಟೈಪಿಗೆ ಒಂದರಂಗ 8 ಬಕೆಟ್) ಇಡ್ರಿ, ಚೇಂಬರ್ ತಾನ ಎಷ್ಟು ಬದಲಾವಣೆ ಮಾಡ್ತು ಅಂತ ಗೊತ್ತಾಗ್ತೈತಿ. ಒಟ್ಟು ಲೆಕ್ಕ: 8 ಜೀನೋಟೈಪ್, 2 ಬಕೆಟ್, 6 ಚೇಂಬರ್ ಅಂದ್ರ 96, ಹೊರಗ 24, ಕೂಡಿ 120. ವಾರಕ್ಕೊಮ್ಮೆ ಚೇಂಬರ್ ಒಳಗ ಬಕೆಟ್ ಜಾಗ ಬದಲಸ್ರಿ.

ಹೆಜ್ಜೆ 6: ಗ್ಯಾಸ್

ಯೀಸ್ಟ್ ಸಕ್ಕರಿ ಡಬ್ಬಿ ಮಾಡ್ರಿ, ಸೆಗಣಿ ಗುಂಡಿ ಗಾಳಿ ಬಿಡ್ರಿ ಅಂತ ಯಾರರ ಹೇಳ್ತಾರ, ಕೇಳಬ್ಯಾಡ್ರಿ. ಯೀಸ್ಟ್ ಒಂದು ದಿನ ಜೋರು, ಮರುದಿನ ಸಪ್ಪ. ಸೆಗಣಿ ಗುಂಡಿಯಿಂದ ಸಿಓಟು ಜೋಡಿ ಅಮೋನಿಯಾ ಬರ್ತೈತಿ, ಅಮೋನಿಯಾ ಅಂದ್ರ ಸಾರಜನಕದ ಗೊಬ್ಬರ, ಗಿಡ ಬೆಳದಿದ್ದು ಯಾವುದಕ್ಕ ಅಂತ ಹೇಳ್ಲಿಕ್ಕೆ ಬರಂಗಿಲ್ಲ. ಇದ್ದಲಿ, ಗ್ಯಾಸ್ ಒಲಿ ಉರಿಸಿದ್ರ ಎಥಿಲೀನ್ ಬರಬಹುದು, ಅದು ಗಿಡದ ಬೆಳವಣಿಗೀನ ಕೆಡಸ್ತೈತಿ. ಸಿಲಿಂಡರನ ಬೇಕು.

ಎಷ್ಟು ಬೇಕು? ಈಗಿನ ಸುಮಾರು 420ರಿಂದ 600ಕ್ಕ ಏರಸ್ಲಿಕ್ಕೆ 180 ಪಿಪಿಎಂ, ಅಂದ್ರ ಒಂದು ಘನ ಮೀಟರ್ ಗಾಳಿಗೆ 180 ಮಿಲಿಲೀಟರ್, ತೂಕದಾಗ ಸುಮಾರು 0.32 ಗ್ರಾಂ. ನಮ್ಮ ಚೇಂಬರ್ ಸುಮಾರು 1.77 ಘನ ಮೀಟರ್, ನಿಮಿಷಕ್ಕ 0.57 ಗ್ರಾಂ, ಗಂಟೆಗೆ 34 ಗ್ರಾಂ, ಹಗಲು 10 ತಾಸು ಬಿಟ್ರ 340 ಗ್ರಾಂ, ಮೂರು ಚೇಂಬರಿಗೆ ದಿನಕ್ಕ ಸುಮಾರು 1 ಕೆಜಿ. 75 ದಿನಕ್ಕ 77 ಕೆಜಿ, ಗಾಳಿಗೆ ಸೋರೋದು ಹಿಡದು 100 ಕೆಜಿ ಇಟ್ಕೊಳ್ರಿ. ರಾತ್ರಿ ಬಂದ್ ಮಾಡ್ರಿ, ಬಿಸಿಲಿಲ್ಲದಾಗ ಕೊಟ್ಟು ಉಪಯೋಗ ಇಲ್ಲ.

ಸಿಓಟು ಗಾಳಿಗಿಂತ ಭಾರ, ಮುಚ್ಚಿದ ರೂಮಿನ್ಯಾಗ ನೆಲಕ್ಕ ಕೂತಿರ್ತೈತಿ, ವಾಸನಿ ಇಲ್ಲ. ಕೆಲಸದ ಜಾಗದಾಗ 8 ತಾಸಿಗೆ 5000 ಪಿಪಿಎಂ ಮಿತಿ, 40000ಕ್ಕ ಹೋದ್ರ ಜೀವಕ್ಕ ಅಪಾಯ. ಸಿಲಿಂಡರ್ ಹೊರಗ, ನೆಟ್ಟಗ ನಿಲ್ಲಿಸಿ, ಸರಪಳಿ ಹಾಕಿ ಕಟ್ರಿ. ಈ ವಿಷಯದಾಗ ನಾ ಯಾವ ವಿದ್ಯಾರ್ಥಿಗೂ ರಿಯಾಯಿತಿ ಕೊಡಂಗಿಲ್ಲ.

ಹೆಜ್ಜೆ 7: ಸೆನ್ಸರ್

ಎನ್‌ಡಿಐಆರ್ ಸೆನ್ಸರ್ ಮಾತ್ರ ತೊಗೊಳ್ರಿ, ಅದು ಇನ್‌ಫ್ರಾರೆಡ್ ಬೆಳಕಿಲೆ ನಿಜವಾದ ಸಿಓಟು ಅಳೀತೈತಿ. ಅಗ್ಗದ ಕೆಲವು ಸೆನ್ಸರ್ ಬ್ಯಾರೆ ಗ್ಯಾಸ್ ಅಳದು ಸಿಓಟು ಇಷ್ಟು ಇರಬಹುದು ಅಂತ ಅಂದಾಜು ತೋರಸ್ತಾವ, ಅವು ನಮ್ಮ ಕೆಲಸಕ್ಕಲ್ಲ.

ಇನ್ನೊಂದು, ಇದರಿಂದ ನನ್ನ ಎರಡು ವಾರದ ಡೇಟಾ ಹಾಳಾತು. ಭಾಳ ಎನ್‌ಡಿಐಆರ್ ಸೆನ್ಸರಿನ್ಯಾಗ ತಾನಾಗೇ ಸರಿ ಮಾಡ್ಕೊಳ್ಳೋ ಸೆಟ್ಟಿಂಗ್ ಇರ್ತೈತಿ: ಕೆಲವು ದಿನದಾಗ ಕಂಡ ಎಲ್ಲಾಕ್ಕಿಂತ ಕಮ್ಮಿ ಅಂಕಿನ ಅದು 400 ಅಂತ ತಿಳ್ಕೋತೈತಿ. ಮನಿ ಆಫೀಸಿಗೆ ಅದು ಸರಿ. ಆದ್ರ ಗ್ಯಾಸಿನ ಚೇಂಬರ್‌ದಾಗ ಅಂಕಿ 400ಕ್ಕ ಇಳಿಯೋದ ಇಲ್ಲಂದ್ರ ಅದು 500ನ್ನ 400 ಅಂತ ಹೇಳ್ಲಿಕ್ಕೆ ಶುರು ಮಾಡ್ತೈತಿ, ಸೆನ್ಸರ್ ಅಂಕಿ ನೋಡಿ ಗ್ಯಾಸ್ ಬಿಡೋ ನಿಮ್ಮ ವಾಲ್ವ್ ಅದನ್ನ ನಂಬಿ ಇನ್ನೂ ಗ್ಯಾಸ್ ಬಿಡ್ತೈತಿ. ಆ ಸೆಟ್ಟಿಂಗ್ ಮೊದಲ ದಿನಾನ ಬಂದ್ ಮಾಡ್ರಿ. ವಾರಕ್ಕೊಮ್ಮೆ ಮಧ್ಯಾಹ್ನ, ಗಾಳಿ ಬೀಸೋ ಹೊತ್ತಿನ್ಯಾಗ, ಎಲ್ಲಾ ಸೆನ್ಸರ್ ಬಯಲಾಗ ಒಂದ ಕಡೆ ಇಟ್ಟು ಹೋಲಸ್ರಿ. ನಸುಕಿನ್ಯಾಗ ಬ್ಯಾಡ, ರಾತ್ರಿಯೆಲ್ಲಾ ಗಿಡ ಮಣ್ಣು ಉಸರಾಡಿ ನೆಲದ ಹತ್ರ ಸಿಓಟು ಏರಿರ್ತೈತಿ. ಮತ್ತ ನಮ್ಮ ಊರು ಸಮುದ್ರ ಮಟ್ಟಕ್ಕಿಂತ ಭಾಳ ಮ್ಯಾಲ ಐತಿ, ಗಾಳಿ ಒತ್ತಡ ಕಮ್ಮಿ, ಒತ್ತಡದ ತಿದ್ದುಪಡಿ ಹಾಕದಿದ್ರ ಸೆನ್ಸರ್ ನಿಜಕ್ಕಿಂತ ಕಮ್ಮಿ ತೋರಸ್ತೈತಿ.

ಹೆಜ್ಜೆ 8: ಏನೇನ್ ಅಳೀಬೇಕು

40ನೇ ದಿನ ಮೊದಲ ಕೊಯ್ಲು, ನೆಲದಿಂದ 4–5 ಸೆಂಟಿಮೀಟರ್ ಬಿಟ್ಟು. 75ನೇ ದಿನ ಎರಡನೇದು. ಬಯಲಿನ ಹುಲ್ಲನ್ನ ದನಾ ಮೇಯ್ತಾವ, ಮೇಯ್ದ ಮ್ಯಾಲ ಯಾವುದು ಬೇಗ ಎದ್ದು ನಿಲ್ತೈತಿ ಅನ್ನೋದನ್ನ ಎರಡನೇ ಕೊಯ್ಲು ಹೇಳ್ತೈತಿ, ನನಗ ಮೊದಲನೇದಕ್ಕಿಂತ ಅದರ ಮ್ಯಾಲ ವಿಶ್ವಾಸ ಹೆಚ್ಚು. ಕೊಯ್ದದ್ದನ್ನ ಓವನ್ನಿನ್ಯಾಗ 65–70 ಡಿಗ್ರಿಗೆ ಎರಡು ಮೂರು ದಿನ ಒಣಗ್ಸಿ ತೂಗ್ರಿ. ಸ್ವಲ್ಪ ಒಣಾ ಪುಡಿ ಸಾರಜನಕ ಪರೀಕ್ಷೆಗೆ ಇಡ್ರಿ, ಹೆಚ್ಚಿನ ಸಿಓಟುದಾಗ ಎಲಿಯ ಸಾರಜನಕ ತೆಳುವಾಗೋದು ಸಾಮಾನ್ಯ, ಅಂದ್ರ ಮೇವು ಹೆಚ್ಚಾದ್ರೂ ದನಕ್ಕ ಸಿಗೋ ಪ್ರೋಟೀನ್ ಅಷ್ಟ ಪ್ರಮಾಣದಾಗ ಹೆಚ್ಚಾಗಂಗಿಲ್ಲ.

ಆದ್ರ ಕರಿಕಿ ಸಿ4 ಅಂತ ಮ್ಯಾಲ ಹೇಳಿದ್ನಲ್ಲ, ಅದರ ಕಥಿ ಇರೋದು ನೀರಿನ್ಯಾಗ. 60ನೇ ದಿನದ ಹೊತ್ತಿಗೆ ಎಲ್ಲಾ ಬಕೆಟ್ಟಿಗೂ ನೀರು ಕುಡಿಸಿ, ಬಸಿಯೋದು ನಿಂತ ಮ್ಯಾಲ ತೂಗಿ, ಐದು ದಿನ ನೀರು ನಿಲ್ಲಸ್ರಿ. ದಿನಾ ಮುಂಜಾನಿ ಅದ ಹೊತ್ತಿಗೆ ತೂಗ್ರಿ, ಪ್ರವಾಸದ ಬ್ಯಾಗ್ ತೂಗೋ ಡಿಜಿಟಲ್ ಕಾಟಾ ಸಾಕು. ಮಳಿ ಬಂದ್ರ ತಾಡಪತ್ರಿ ಮುಚ್ಚಲಿಕ್ಕೆ ಒಬ್ಬರು ಇರಬೇಕು. ಯಾವ ಜೀನೋಟೈಪ್ ಎಷ್ಟು ನೀರು ಕಳ್ಕೊಂತು, ಎಷ್ಟನೇ ದಿನ ಎಲಿ ಸುರುಳಿ ಸುತ್ತಿತು, ಬರೀರಿ. ತೂಕದಾಗ ಕಾಣದ ಫರಕ್ ಇಲ್ಲಿ ಕಾಣಬಹುದು.

ಪತ್ರರಂಧ್ರ ಎಣಸ್ಲಿಕ್ಕೆ ಬಣ್ಣ ಇಲ್ಲದ ನೇಲ್ ಪಾಲಿಶ್ ಎಲಿಗೆ ಹಚ್ಚಿ, ಒಣಗಿದ ಮ್ಯಾಲ ಪಾರದರ್ಶಕ ಟೇಪಿಲೆ ಕಿತ್ತು ಸ್ಲೈಡಿನ ಮ್ಯಾಲ ಅಂಟಸ್ರಿ. ಬೇರು ಕೊನೀಗೆ: ರಾತ್ರಿ ನೆನೆ ಹಾಕಿ, ಜರಡಿ ಮ್ಯಾಲ ಸಣ್ಣ ಧಾರಿಲೆ ತೊಳೀರಿ.

ಹೆಜ್ಜೆ 9: ಲೆಕ್ಕ

ಗ್ರಾಂ ನೋಡಿ ಮೋಸ ಹೋಗಬ್ಯಾಡ್ರಿ. ಲೆಕ್ಕ ತಿಳೀಲಿ ಅಂತ ಸುಮ್ನ ಎರಡು ಅಂಕಿ ಹಿಡೀರಿ: ಕಲಘಟಗಿ ಕರಿಕಿ 40ರಿಂದ 46 ಗ್ರಾಂ ಆತು, ಮುಂಡರಗಿದು 20ರಿಂದ 24 ಆತು. ಗ್ರಾಂದಾಗ ಕಲಘಟಗಿದು ಮುಂದ, 6ಕ್ಕ 4. ಪ್ರಮಾಣದಾಗ ಮುಂಡರಗಿದು ಮುಂದ, 1.20ಕ್ಕ 1.15. ದೊಡ್ಡ ಗಿಡ ಯಾವಾಗಲೂ ಗ್ರಾಂದಾಗ ಹೆಚ್ಚು ಏರಿದಂಗ ಕಾಣ್ತೈತಿ. ಅದಕ್ಕ ತೂಕದ ಲಾಗ್ (ಲಾಗರಿದಮ್) ತೊಗೊಂಡು ಲೆಕ್ಕ ಮಾಡ್ರಿ, ಆಗ ಹೋಲಿಕಿ ಗ್ರಾಂದಾಗಲ್ಲ, ಪ್ರಮಾಣದಾಗ ಆಗ್ತೈತಿ.

ಮೊದಲು ಒಂದು ಚಿತ್ರ ಬರೀರಿ: ಎಡಕ್ಕ ಸಾದಾ ಗಾಳಿ, ಬಲಕ್ಕ ಹೆಚ್ಚಿನ ಸಿಓಟು, ಒಂದೊಂದು ಜೀನೋಟೈಪಿಗೆ ಒಂದೊಂದು ಗೆರಿ. ಎಲ್ಲಾ ಗೆರಿ ಸಮಾನಾಂತರ ಏರಿದ್ರ ಸಿಓಟು ಪರಿಣಾಮ ಐತಿ, ಜೀನೋಟೈಪಿನ ಸ್ಪಂದನೆದಾಗ ಫರಕ್ ಇಲ್ಲ. ಗೆರಿಗಳು ಬ್ಯಾರೆ ಬ್ಯಾರೆ ಓರೆ ಇದ್ರ, ಒಂದನ್ನೊಂದು ದಾಟಿದ್ರ, ಅಲ್ಲಿ ಕತ್ತು ಚಾಚಿ ನೋಡ್ರಿ.

ಆಮ್ಯಾಲ ವಿಶ್ಲೇಷಣೆ. ಗ್ಯಾಸ್, ಜೀನೋಟೈಪ್, ಎರಡರ ಗುಣಾಕಾರ (ಇಂಟರ್ಯಾಕ್ಷನ್) ಸ್ಥಿರ ಅಂಶ (ಫಿಕ್ಸ್ಡ್), ಚೇಂಬರ್ ಮತ್ತ ಚೇಂಬರ್ ಒಳಗಿನ ಜೀನೋಟೈಪ್ ಯಾದೃಚ್ಛಿಕ ಅಂಶ (ರ‍್ಯಾಂಡಮ್). ಯೂರಿಯಾ ಬಕೆಟ್, ಸಾದಾ ಬಕೆಟ್ ಶುರುವಿಗೆ ಬ್ಯಾರೆ ಬ್ಯಾರೆ ನೋಡಿದ್ರ ತಿಳಿಯೋದು ಸಲೀಸು. ಗ್ಯಾಸಿನ ಪರೀಕ್ಷೆ ಚೇಂಬರಿನ ಎದುರು, 6 ಚೇಂಬರಿಗೆ ಉಳಿಯೋದು 4 ಡಿಗ್ರೀಸ್ ಆಫ್ ಫ್ರೀಡಂ ಅಷ್ಟ, ಹಂಗಾಗಿ ಅದು ದುರ್ಬಲ. ಆದ್ರ ನಮಗ ಬೇಕಾದ ಪ್ರಶ್ನೆ, ಜೀನೋಟೈಪ್ ಗುಣಿಲೆ ಗ್ಯಾಸ್, ಅದಕ್ಕ 7, ಅದರ ಎದುರಿನ ದೋಷಕ್ಕ 28 ಡಿಗ್ರೀಸ್ ಆಫ್ ಫ್ರೀಡಂ ಸಿಗ್ತಾವ, ಯಾಕಂದ್ರ ಪ್ರತಿ ಚೇಂಬರ್‌ದಾಗೂ ಎಂಟೂ ಜೀನೋಟೈಪ್ ಕೂತಾವ. ಕಮ್ಮಿ ಚೇಂಬರ್ ಇದ್ರೂ ಈ ಪ್ರಶ್ನೆ ಕೇಳ್ಬಹುದು ಅನ್ನೋ ಧೈರ್ಯ ನನಗ ಬಂದಿದ್ದು ಇದರಿಂದ.

ಫಲಿತಾಂಶ ಬರಿವಾಗ ಒಂದು ಎಚ್ಚರ: ನಿಜವಾದ ಗಾಳ್ಯಾಗ ಸಿಓಟು ವರ್ಷ ವರ್ಷ ಸ್ವಲ್ಪ ಸ್ವಲ್ಪ ಏರ್ತೈತಿ, ನಾವು ಒಂದ ದಿನದಾಗ 180 ಏರಿಸಿದ್ವಿ. ಒಮ್ಮೆಲೇ ಏರಿಸಿದಾಗ ಕಾಣೋ ಪರಿಣಾಮ ನಿಧಾನ ಏರಿಸಿದಾಗ ಕಾಣೋದಕ್ಕಿಂತ ದೊಡ್ಡದಿರಬಹುದು ಅಂತ 2005ರಾಗ ಬಂದ ಒಂದು ಪ್ರಯೋಗ ತೋರಿಸೈತಿ. ಹಂಗಾಗಿ "75 ದಿನದಾಗ, ಬಕೆಟ್ಟಿನ್ಯಾಗ, 600 ಪಿಪಿಎಂನಾಗ" ಅಂತ ಬರೀರಿ, ಬಯಲಿಗೆಲ್ಲಾ ಅನ್ವಯಿಸಬ್ಯಾಡ್ರಿ.

ಹೆಜ್ಜೆ 10: ತಾಯಿ ಗಿಡ ಕಾಯೋದು

ಕೊಯ್ಲು ಮುಗೀತು ಅಂತ ಉಳದ ಸಸಿ ತಿಪ್ಪೀಗೆ ಒಗೀಬ್ಯಾಡ್ರಿ. ಎಂಟೂ ಜೀನೋಟೈಪಿನ ಎರಡೆರಡು ತಾಯಿ ಬಕೆಟ್ ಚೀಟಿ ಸಮೇತ ಬ್ಯಾರೆ ಬ್ಯಾರೆ ಇಡ್ರಿ, ಬಳ್ಳಿ ಒಂದರಿಂದ ಒಂದಕ್ಕ ದಾಟದಂಗ ತಿಂಗಳಿಗೊಮ್ಮೆ ಅಂಚು ಕತ್ತರಸ್ರಿ, ಬ್ಯಾಸಗಿದಾಗ ನೀರು ಹಾಕೋದು ತಪ್ಪಿಸಬ್ಯಾಡ್ರಿ. ಮುಂದಿನ ಮಿರಗಕ್ಕ ಗೆರಿ ದಾಟಿದ ಎರಡು ಜೀನೋಟೈಪ್ ಮಾತ್ರ ತೊಗೊಂಡು, ಈ ಸಲ ಒಂದ ಬಕೆಟ್ಟಿನ್ಯಾಗ ಎರಡನ್ನೂ ಕೂಡ್ಸಿ ಹಚ್ರಿ, ಒಂದರ ಬಳ್ಳಿಗೆ ಕೆಂಪು ದಾರ, ಒಂದಕ್ಕ ಬಿಳಿ ದಾರ ಕಟ್ಟಿ.